ದೊಡ್ಡ ಕುಕ್ಕರಿಗೆ ಒಂದು ದಿನ ರಜೆ

ಆಯುಧಪೂಜೆಯ ದಿನ ಕದರಪ್ಪಣ್ಣ ನಮ್ಮ ಆಟೋಕ್ಲೇವಿಗೆ ರಜೆ ಕೊಟ್ಟಿದ್ದ. ಅದು ನನಗೆ ಗೊತ್ತಾದದ್ದು ಎರಡು ದಿನ ಬಿಟ್ಟು, ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ. ಆಗ ನಾನು ಹಾಕಿದ ಕೂಗಿಗೆ ಗೇಟಿನಾಚೆಯ ಟೀ ಅಂಗಡಿ ಸಾಬರು ಕೈಯಲ್ಲಿದ್ದ ಲೋಟ ಕೆಳಗಿಟ್ಟು ಎದ್ದು ನಿಂತರಂತೆ. ಇರಲಿ, ನನ್ನ ಬಾಯಿ ಸ್ವಲ್ಪ ದೊಡ್ಡದೇ. ಅದು ಸುಮ್ಮನೆ ಬಂದದ್ದಲ್ಲ, ಯಾಕೆ ಬಂತು ಅಂತಲೂ ಹೇಳುತ್ತೇನೆ.

ನಮ್ಮದು ಸಿರಾದಿಂದ ಮಧುಗಿರಿಗೆ ಹೋಗುವ ರಸ್ತೆಯ ಪಕ್ಕದ ಸಣ್ಣ ಸಂಶೋಧನಾ ಪ್ರಯೋಗಾಲಯ. ಕುರಿಗಳು ದಿನ ತುಂಬುವ ಮೊದಲೇ ಕಂದು ಹಾಕುವುದು ಯಾಕೆ ಎಂದು ಹುಡುಕುವುದು ನಮ್ಮ ಕೆಲಸ. ಪಾವಗಡ, ತಾವರೆಕೆರೆ ಕಡೆಯ ಹಟ್ಟಿಗಳಿಂದ ಮಾದರಿ ಬರುತ್ತವೆ. ಅವುಗಳಲ್ಲಿರುವ ರೋಗಾಣುವನ್ನು ಪುಟ್ಟ ಪುಟ್ಟ ತಟ್ಟೆಗಳಲ್ಲಿ ಬೆಳೆಸಿ ನೋಡುತ್ತೇವೆ. ನೋಡಿಯಾದ ಮೇಲೆ ಆ ತಟ್ಟೆಗಳನ್ನು ಹಾಗೇ ಬಿಸಾಡುವಂತಿಲ್ಲ. ಹಳದಿ ಚೀಲಕ್ಕೆ ತುಂಬಿ, ಬಾಯಿಗೆ ಟೇಪು ಅಂಟಿಸಿ, ಆಟೋಕ್ಲೇವಿನ ಹಬೆಯಲ್ಲಿ ಬೇಯಿಸಿ, ರೋಗಾಣು ಸತ್ತ ಮೇಲೆಯೇ ಹೊರಗೆ ಕಳಿಸಬೇಕು. ಆ ಟೇಪು ಮೊದಲು ಬೋಳಾಗಿರುತ್ತದೆ, ಬೆಂದರೆ ಅದರ ಮೇಲೆ ಓರೆಯಾಗಿ ಕಪ್ಪು ಗೆರೆಗಳು ಮೂಡುತ್ತವೆ. ಆಟೋಕ್ಲೇವಿಗೆ ಕದರಪ್ಪಣ್ಣ ಇಟ್ಟ ಹೆಸರು ದೊಡ್ಡ ಕುಕ್ಕರ್. ಅದನ್ನು ನಡೆಸುವವನು ಅವನು, ಅವನು ಸರಿಯಾಗಿ ನಡೆಸಿದನೇ ಎಂದು ನೋಡಿ ರಿಜಿಸ್ಟರಿಗೆ ಸಹಿ ಹಾಕುವವಳು ಗಂಗಾಂಬಿಕಾ ಎಂಬ ನಾನು.

ನಾಲ್ಕು ವರ್ಷದ ಹಿಂದೆ ನನ್ನ ಗ್ಲೌಸಿನ ಹೆಬ್ಬೆರಳಲ್ಲಿ ಸಾಸಿವೆ ಕಾಳಿನಷ್ಟು ತೂತಿತ್ತು. ನೋಡಿದೆ, ಪರವಾಗಿಲ್ಲ ಅಂದುಕೊಂಡೆ. ಮೂರು ತಿಂಗಳು ಸಂಜೆಯಾದರೆ ಸಾಕು, ಜ್ವರ. ಮೂಳೆಮೂಳೆಯೂ ನೋವು. ಕಳ್ಳಂಬೆಳ್ಳದ ನಮ್ಮ ಮನೆಯಲ್ಲಿ ತಲೆ ಬಾಚಿಕೊಳ್ಳಲು ಕೈ ಎತ್ತಲಾಗದೆ ಕೂತು ಅತ್ತಿದ್ದೇನೆ. ಅಂದಿನಿಂದ ಯಾರಾದರೂ ಬರಿಗೈಯಲ್ಲಿ ಚೀಲದ ಹತ್ತಿರ ಹೋದರೆ ನನಗೆ ಮೈಯೆಲ್ಲ ಉರಿಯುತ್ತದೆ. "ಕೈ! ಗ್ಲೌಸ್ ಎಲ್ಲಿ? ನಾಳೆ ಜ್ವರ ಬಂದ್ರೆ ನನ್ನ ಹತ್ರ ಬರ್ಬೇಡ!" ಎಂದು ಕಿರುಚುತ್ತೇನೆ. ನನ್ನ ಬೆನ್ನ ಹಿಂದೆ ಎಲ್ಲರೂ ನಗುತ್ತಾರೆ ಎಂಬುದೂ ನನಗೆ ಗೊತ್ತು.

ಆ ಬುಧವಾರ ಅರ್ಧ ದಿನದ ಕೆಲಸ. ಮಧ್ಯಾಹ್ನ ಪೂಜೆ. ಮೈಕ್ರೋಸ್ಕೋಪಿಗೆ ಕುಂಕುಮ, ಫ್ರಿಜ್ಜಿಗೆ ಚೆಂಡುಹೂವು, ನನ್ನ ಸ್ಕೂಟರಿಗೆ ಹಾರ, ನಿಂಬೆಹಣ್ಣು, ದೊಡ್ಡ ಕುಕ್ಕರಿಗೆ ಮಾರುದ್ದದ ಹಾರ. ಕಡ್ಲೆಪುರಿ ಒಳಗೆ ತರಕೂಡದು ಎಂದು ನಾನು ಬಾಗಿಲಲ್ಲೇ ನಿಂತು ಜಗಳ ಮಾಡಿದೆ, ಹೊರಗೆ ಬೇವಿನ ಮರದ ಕೆಳಗೆ ಹಂಚಿದರು. ಮನೆಯಲ್ಲಿ ಒಬ್ಬಟ್ಟಿಗೆ ಬೇಳೆ ಬೇಯಿಸಬೇಕಿತ್ತು, ಹೊರಟೆ. ಗುರುವಾರ ವಿಜಯದಶಮಿಯ ರಜೆ. ಶುಕ್ರವಾರ ಬಂದು ರಿಜಿಸ್ಟರ್ ತೆರೆದರೆ, ಬುಧವಾರದ ಕೊನೆಯ ಸಾಲಿನಲ್ಲಿ, ನಾಲ್ಕನೇ ಚೀಲದ ಎದುರು, ಹೊತ್ತು ಇಲ್ಲ, ಬಿಸಿ ಇಲ್ಲ, ಒತ್ತಡ ಇಲ್ಲ.

"ಕದರಪ್ಪಣ್ಣಾ, ಬುಧವಾರ ನಾಲ್ಕನೇ ಚೀಲ ಬೇಯಿಸಿದ್ಯಾ?"

"ಪೂಜೆ ಮಾಡಿದ್ ಮ್ಯಾಲೆ ಹೆಂಗಮ್ಮಾ ಹಚ್ಚೋದು?" ಎಂದ ಅವನು, ನಾನೇ ತಪ್ಪು ಮಾತಾಡಿದೆ ಎನ್ನುವ ಹಾಗೆ. "ಆವತ್ತು ಆಯುಧಕ್ಕೆ ರೆಸ್ಟು. ನಮ್ಮ ಪಾವಗಡದ ಕಡೆ ಮಚ್ಚು ಕೂಡ ಮುಟ್ಟಂಗಿಲ್ಲ. ಆ ಚೀಲ ರೂಮಲ್ಲಿ ಬೆಂದಿರೋ ಮೂರರ ಪಕ್ಕ ಇಟ್ಟಿದ್ದೆ, ಇವತ್ತು ಹಾಕೋಣ ಅಂತ. ನಾಲ್ಕಕ್ಕೂ ವಿಭೂತಿ ಇಟ್ಟಿದ್ದೆ."

"ವಿಭೂತಿನಾ? ಎಲ್ಲಿಗೆ?"

"ಟೇಪಿನ ಮ್ಯಾಗೆ. ಎಲ್ಲಾದಕ್ಕೂ ಇಟ್ಟು ಅವಕ್ಕೆ ಇಡದೇ ಇದ್ರೆ ಚೆಂದವಾ?"

ಟೇಪಿನ ಮೇಲೆ ಮೂರು ಬೆರಳಗಲ ವಿಭೂತಿ ಬಳಿದರೆ ಕೆಳಗೆ ಕಪ್ಪು ಗೆರೆ ಇದೆಯೋ ಇಲ್ಲವೋ ಯಾವ ದೇವರಿಗೆ ಗೊತ್ತಾಗಬೇಕು? ಓಡಿಹೋಗಿ ರೂಮು ನೋಡಿದೆ. ಖಾಲಿ.

"ಪಾಲಾಕ್ಷ ಬಂದು ತಗೊಂಡೋದ," ಎಂದ ಕದರಪ್ಪಣ್ಣ, ಈಗ ದನಿ ಇಳಿದಿತ್ತು. "ಇವತ್ತು ನನ್ನ ಬಸ್ಸು ಲೇಟು. ನಾನ್ ಬರೋ ಹೊತ್ಗೆ ಅವ್ನು ಗೇಟಲ್ಲಿ ನಿಂತಿದ್ದ. ಕೀ ಕೊಟ್ಟು ಕೈಕಾಲು ತೊಳ್ಕೊಂಡು ಬರೋದ್ರೊಳಗೆ ಚೀಟಿ ಕೈಗಿಟ್ಟು ಹೊಂಟೇಬುಟ್ಟ. ಅಯ್ಯೋ ದೇವುಡಾ!"

ಪಾಲಾಕ್ಷ ಅಂದರೆ ಆಸ್ಪತ್ರೆ, ಪ್ರಯೋಗಾಲಯಗಳ ತ್ಯಾಜ್ಯ ಒಯ್ಯುವ ಹಳದಿ ವ್ಯಾನಿನವನು. ಡ್ರೈವರೂ ಅವನೇ, ಹಮಾಲಿಯೂ ಅವನೇ. ಎರಡು ದಿನಕ್ಕೊಮ್ಮೆ ಸಿರಾದಿಂದ ಹೊರಟು ಮಧುಗಿರಿ, ಕೊರಟಗೆರೆ ಸುತ್ತಿ ಸಂಜೆ ಸುಡುವ ಘಟಕಕ್ಕೆ ತಲುಪಿಸುತ್ತಾನೆ. ಚೀಲವನ್ನು ಕೂಸಿನ ಹಾಗೆ ಎದೆಗೆ ಅವಚಿಕೊಂಡು ಎತ್ತುವುದು ಅವನ ಹಳೇ ಚಾಳಿ, ಅದಕ್ಕೂ ನನ್ನಿಂದ ಬೈಸಿಕೊಂಡಿದ್ದ. ಅವನ ಹೆಂಡತಿ ವರಲಕ್ಷ್ಮಿಗೆ ಎಂಟು ತಿಂಗಳು. ಹೋದ ವಾರವಷ್ಟೇ ಸೀಮಂತದ ಚಿಗಳಿ ತಂದುಕೊಟ್ಟಿದ್ದ. ಆ ಹಸಿ ಚೀಲ ಒಡೆದು ಅವನ ಅಂಗಿಗೆ ತಾಗಿದರೆ, ಅದೇ ಅಂಗಿಯಲ್ಲಿ ಮನೆಗೆ ಹೋದರೆ?

ಫೋನು ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಯಾಕೆ ಎತ್ತುತ್ತಾನೆ? ಗ್ಲೌಸ್ ಹಾಕಿಕೊಂಡೇ ಫೋನ್ ಮುಟ್ಟುತ್ತೀಯಾ ಎಂದು ಹೋದ ತಿಂಗಳು ಅವನ ನೀರಿಳಿಸಿದ್ದೆ. ಅಂದಿನಿಂದ ಕೆಲಸ ಮುಗಿಯುವವರೆಗೆ ಫೋನು ವ್ಯಾನಿನ ಮುಂದಿನ ಡಬ್ಬಿಯಲ್ಲಿ ಬೀಗದೊಳಗೆ. ನನ್ನ ಬಾಯಿಗಿಷ್ಟು!

ಘಟಕದವರಿಗೆ ಹೇಳಿದೆ, ಬಂದ ತಕ್ಷಣ ಆ ಚೀಲ ಬೇರೆ ಇಡುತ್ತೇವೆ ಎಂದರು. ಆದರೆ ಸಂಜೆಯವರೆಗೆ ಪಾಲಾಕ್ಷ ಅದನ್ನು ಎಷ್ಟು ಸಲ ಎತ್ತಿಳಿಸುತ್ತಾನೋ. ನಮ್ಮ ಮುಖ್ಯಸ್ಥರು ಡಾಕ್ಟರ್ ನಾಗಭೂಷಣ್ ಪಾವಗಡದ ಹಟ್ಟಿಯೊಂದರಲ್ಲಿ ಮಾದರಿ ತೆಗೆಯುತ್ತಿದ್ದರು. ಅವರಿಗೂ ಹೇಳಿದೆ.

"ಬೇಯಿಸದೇ ಇರೋ ಸಾಲಿಗೆ ಸಹಿ ಯಾರು ಹಾಕಿದ್ದಾರೆ?" ಎಂದರು.

"ಸಾರ್, ಕೇಳ್ತಿಲ್ಲ, ನೆಟ್‌ವರ್ಕ್ ಇಲ್ಲ," ಎಂದು ಕಟ್ ಮಾಡಿದೆ.

ನೆಟ್‌ವರ್ಕ್ ಚೆನ್ನಾಗಿಯೇ ಇತ್ತು. ಸಹಿ ನನ್ನದು. ಬುಧವಾರ ಬೇಳೆಯ ಯೋಚನೆಯಲ್ಲಿ ಸಾಲು ಖಾಲಿ ಇದೆಯೆಂದೂ ನೋಡದೆ ಗೀಚಿ ಹೋಗಿದ್ದೆ.

ಸ್ಕೂಟರ್ ಹತ್ತಿದೆ. ಡಿಕ್ಕಿಯಲ್ಲಿ ಗ್ಲೌಸು, ಮಾಸ್ಕು, ಬ್ಲೀಚಿಂಗ್ ದ್ರಾವಣದ ಬಾಟಲಿ, ಎರಡು ಖಾಲಿ ಚೀಲ. ಹಿಂದೆ ಕದರಪ್ಪಣ್ಣ. ಮುಂದೆ ಇನ್ನೂ ಬಿಚ್ಚದ ಹಾರ, ಗಾಳಿಗೆ ಚೆಂಡುಹೂವು ಒಂದೊಂದೇ ನನ್ನ ಮುಖಕ್ಕೆ ಹಾರುತ್ತಿತ್ತು. ದಾರಿಯುದ್ದಕ್ಕೂ ಅವನನ್ನು ಬೈದೆ. ನಿನ್ನ ಪೂಜೆ, ನಿನ್ನ ವಿಭೂತಿ, ನಿನ್ನ ಬಸ್ಸು, ಯಾವುದನ್ನೂ ಬಿಡಲಿಲ್ಲ.

ಮಧುಗಿರಿಯಲ್ಲಿ ಬೆಟ್ಟದ ನೆರಳು ಬೀಳುವ ಬೀದಿಯ ಒಂದು ಕ್ಲಿನಿಕ್ಕಿನ ಮುಂದೆ ಆಯಾ ಒಬ್ಬಳು ಕಸ ಗುಡಿಸುತ್ತಿದ್ದಳು. ಹಳದಿ ವ್ಯಾನು ಬಂದಿತ್ತೇ ಎಂದು ಕೇಳಿದೆ.

"ಆಗ್ಲೇ ಹೋಯ್ತು ಕಣಮ್ಮ. ಟೀ ಕುಡಿಯೋ ಅಂದ್ರೆ, ಬ್ಯಾಡ ಕಣಕ್ಕೋ, ಸಿರಾ ಮೇಡಮ್ಮೋರಿಗೆ ಗೊತ್ತಾದ್ರೆ ಸಿಗಿದಾಕ್ತಾರೆ ಅಂದ. ಅದ್ಯಾವಳೋ ಪುಣ್ಯಾತ್ಗಿತ್ತಿ!"

"ಚೀಲ ಏನಾದ್ರೂ ಒಡೆದಿತ್ತಾ?"

"ಅದು ಕಾಣೆ. ಗಾಡಿ ಹಿಂದ್ಗಡೆ ಬಗ್ಗಿ ಏನೋ ಒರೆಸ್ತಾ ಇದ್ದ. ಮೂಗಿಗೆ ಗಮ್ ಅಂತ ವಾಸ್ನೆ ಹೊಡೀತಿತ್ತು."

ಸೋರಿದೆ, ಅವನು ಒರೆಸಿದ್ದಾನೆ, ಮುಗಿಯಿತು. ಸ್ಕೂಟರನ್ನು ಕೊರಟಗೆರೆ ರಸ್ತೆಗೆ ತಿರುಗಿಸಿದೆ.

ಸ್ವಲ್ಪ ದೂರ ಹೋದ ಮೇಲೆ ಹಿಂದಿನಿಂದ ಕದರಪ್ಪಣ್ಣ ಮೆಲ್ಲಗೆ ಹೇಳಿದ: "ಅಮ್ಮಾ, ಎಲ್ಲಾ ನಂದೇ ತಪ್ಪು ಅಂತ ಬರ್ಕೊಡ್ತೀನಿ. ರಿಜಿಸ್ಟರಲ್ಲಿ ನಿನ್ ಸಹಿ ಐತಲ್ಲ, ಅದು ನಾನೇ ಆಮ್ಯಾಲೆ ಬಲವಂತ ಮಾಡಿ ಹಾಕಿಸ್ದೆ ಅಂತೀನಿ. ನೀ ಪೇರು ವದ್ದು, ನಿನ್ ಹೆಸ್ರು ಬ್ಯಾಡ. ಮೂರ್ ತಿಂಗ್ಳು ಜ್ವರ ಬಿದ್ದಿದ್ ಜೀವ ನಿಂದು."

ಅವನಿಗೆ ಸಹಿಯ ವಿಷಯ ಗೊತ್ತಿತ್ತು. ಇಪ್ಪತ್ತೈದು ಮೈಲಿ ನನ್ನ ಬೈಗುಳ ಕೇಳಿಕೊಂಡು ಕೂತಿದ್ದ, ಒಂದು ಸಲವಾದರೂ "ನೀನೇನು ಮಾಡಿದೆ" ಅನ್ನಲಿಲ್ಲ. ನನಗೆ ಅಷ್ಟು ನಾಚಿಕೆ ಯಾವತ್ತೂ ಆಗಿರಲಿಲ್ಲ.

"ಸುಮ್ನೆ ಕೂತ್ಕೋ ಕದರಪ್ಪಣ್ಣ," ಎಂದೆ.

ಕೊರಟಗೆರೆಯಲ್ಲೂ ವ್ಯಾನು ಇರಲಿಲ್ಲ. ತೋವಿನಕೆರೆ ಕಡೆ ಹೋಯಿತು ಎಂದರು. ಅಲ್ಲಿ, ಊರಿಗೆ ಮೊದಲೇ, ಹುಣಸೆ ಮರದ ಕೆಳಗೆ ಹಳದಿ ವ್ಯಾನು ನಿಂತಿತ್ತು. ಬೀಗ ತೆರೆದ ಹಿಂಬಾಗಿಲು, ಹಣೆಯ ಮೇಲೆ ಅದಕ್ಕೂ ಒಂದು ಕುಂಕುಮದ ಬೊಟ್ಟು. ಪಾಲಾಕ್ಷ ಏಪ್ರನ್ನು, ಬೂಟು, ಮೊಣಕೈವರೆಗಿನ ಕೆಂಪು ಗ್ಲೌಸು ತೊಟ್ಟು ಒಳಗೆ ದ್ರಾವಣ ಸಿಂಪಡಿಸಿ ಒರೆಸುತ್ತಿದ್ದ. ನನ್ನನ್ನು ನೋಡಿದ್ದೇ ಬಟ್ಟೆ ಕೈಯಲ್ಲೇ ಹಿಡಿದು ನೆಟ್ಟಗೆ ನಿಂತುಬಿಟ್ಟ.

"ಮೇಡಮ್ಮೋರೇ! ಇಲ್ಲಿಗಂಟ ಬಂದ್ಬುಟ್ರಾ? ಈಗೇನು ತಪ್ಪು ಮಾಡ್ದೆ ನಾನು?"

"ಏನು ಸೋರಿತು? ಏನು ಒರೆಸ್ತಿದ್ದೀಯ?"

"ಏನೂ ಸೋರಿಲ್ಲ. ಒಂದೊಂದು ಊರು ಮುಗಿದಾಗ್ಲೂ ಒರೆಸ್ಬೇಕು ಅಂತ ನೀವೇ ಅಲ್ವಾ ಉಗ್ದಿದ್ದು?"

ನಾನು ಅವನನ್ನು ತಳ್ಳಿಕೊಂಡು ಹೋಗಿ ವ್ಯಾನಿನೊಳಗೆ ಇಣುಕಿದೆ. ನಮ್ಮ ಹಳದಿ ಚೀಲಗಳು ಕಂಡವು. ಒಂದು, ಎರಡು, ಮೂರು. "ನಾಲ್ಕನೇದು ಎಲ್ಲಿ?" ಎನ್ನುತ್ತಾ ಹತ್ತಿರದ ಚೀಲ ಸರಿಸಲು ಕೈ ಚಾಚಿದೆ.

"ಮೇಡಮ್ಮೋರೇ! ಕೈ!" ಪಾಲಾಕ್ಷ ಕಿರುಚಿದ ರಭಸಕ್ಕೆ ಮರದ ಮೇಲಿನ ಕಾಗೆಗಳು ಎದ್ದವು. "ಗ್ಲೌಸ್ ಎಲ್ಲಿ? ನಾಳೆ ಜ್ವರ ಬಂದ್ರೆ ನನ್ನ ಹತ್ರ ಬರ್ಬ್ಯಾಡ್ರಿ!"

ನನ್ನ ಕೈ ಅರ್ಧದಲ್ಲೇ ನಿಂತಿತು. ಡಿಕ್ಕಿ ತುಂಬ ಗ್ಲೌಸು ಹೊತ್ತು ತಂದವಳು ಬರಿಗೈ ಚಾಚಿದ್ದೆ. ಕೈಯನ್ನು ಹಿಂದಕ್ಕೆ ಎಳೆದುಕೊಂಡೆ. ತಾನು ಏನು ಅಂದೆ ಎಂದು ಹೊಳೆದು ಅವನ ಮುಖ ಬಿಳಿಚಿಕೊಂಡಿತು.

"ತಪ್ಪಾಯ್ತು ಮೇಡಮ್ಮೋರೇ, ಬಾಯ್ತಪ್ಪಿ ಬಂದ್ಬುಡ್ತು."

"ನಾಲ್ಕನೇದು ಎಲ್ಲಪ್ಪಾ?"

"ಅದನ್ನ ತರ್ಲಿಲ್ಲ. ಹೆಂಗೆ ತರ್ಲಿ? ಕಪ್ಪು ಗೆರೆ ಕಾಣ್ದಿದ್ರೆ ನಿಮ್ಮಪ್ಪ ಬಂದ್ರೂ ಮುಟ್ಟಬ್ಯಾಡ ಅಂದಿದ್ರಿ. ನಾಲ್ಕಕ್ಕೂ ವಿಭೂತಿ ಬಳಿದಿತ್ತು, ಗ್ಲೌಸ್ ಹಾಕ್ಕೊಂಡು ಒಂದೊಂದೇ ಒರೆಸಿ ನೋಡ್ದೆ. ಮೂರರಾಗೆ ಗೆರೆ ಇತ್ತು, ಒಂದು ಬೋಳು. ರೂಮಲ್ಲೇ ಬುಟ್ಟರೆ ಇನ್ಯಾರಾದ್ರೂ ಮುಟ್ತಾರೆ ಅಂತ ತಳ್ಳೋ ಗಾಡೀಲಿ ತಗೊಂಡೋಗಿ ದೊಡ್ಡ ಕುಕ್ಕರ್ ಒಳಗೆ ಇಟ್ಟು ಬಾಗ್ಲು ಹಾಕ್ದೆ. ಹಾರ ಹೆಂಗಿತ್ತೋ ಅಂಗೇ ಮತ್ತೆ ಹಾಕಿವ್ನಿ. ಎಲ್ಲಾ ಚೀಟೀಲಿ ಬರ್ದು ಕದರಪ್ಪಣ್ಣನ ಕೈಗೆ ಕೊಟ್ಟೆನಲ್ಲ?"

ನಾನು ಕದರಪ್ಪಣ್ಣನನ್ನು ನೋಡಿದೆ. ಕದರಪ್ಪಣ್ಣ ತನ್ನ ಜೇಬು ನೋಡಿಕೊಂಡ. ವಿಭೂತಿ ಪೊಟ್ಟಣದ ಹಿಂದೆ ನಾಲ್ಕಾಗಿ ಮಡಚಿದ ಚೀಟಿ ಬೆಚ್ಚಗೆ ಕೂತಿತ್ತು. "ಮೂರು ಚೀಲ. ಒಂದು ಬೆಂದಿಲ್ಲ, ಕುಕ್ಕರಲ್ಲಿ ಐತೆ. ಮೇಡಮ್ಮೋರಿಗೆ ಹೇಳಿ."

"ಕನ್ನಡಕ ಮನೇಲಿ ಮರ್ತಿದ್ದೆ ಅಮ್ಮಾ," ಎಂದ ಅವನು. "ನೀನಾದ್ರೂ ಕೇಳ್ಬೇಕಲ್ಲ, ಚೀಟಿ ಎಲ್ಲಿ ಅಂತ."

ಕೇಳುವುದಕ್ಕೆ ನಾನು ಬಾಯಿಗೆ ಬಿಡುವು ಕೊಟ್ಟಿದ್ದರೆ ತಾನೇ! ಹುಣಸೆ ಮರದ ಬೊಡ್ಡೆಗೆ ಒರಗಿ ಕೂತು ನಗಲು ಶುರುಮಾಡಿದೆ. ನಗುನಗುತ್ತಾ ಅಳು ಬಂತು. ಇಷ್ಟು ವರ್ಷ ಈ ಗಂಡಸರು ನನ್ನ ಮಾತು ಗಾಳಿಗೆ ಬಿಡುತ್ತಾರೆ ಅಂದುಕೊಂಡಿದ್ದೆ. ಇವನು ಒಂದಕ್ಷರ ಬಿಡದೆ ಇಟ್ಟುಕೊಂಡಿದ್ದಾನೆ. ಬಿಟ್ಟವಳು ನಾನೊಬ್ಬಳೇ.

"ಏನಾಯ್ತು ಮೇಡಮ್ಮೋರೇ? ಅಂಗೆ ಬೈದಿದ್ಕೆ ಬೇಜಾರಾ?"

"ಇಲ್ಲ ಪಾಲಾಕ್ಷ. ಇನ್ನೊಂದು ಸಲ ಬರಿಗೈ ಚಾಚಿದ್ರೆ ಇದಕ್ಕಿಂತ ಜೋರಾಗಿ ಬೈಯಿ," ಎಂದೆ. "ವರಲಕ್ಷ್ಮೀನ ಕೇಳ್ದೆ ಅಂತ ಹೇಳು."

ಅಲ್ಲಿಂದಲೇ ನಾಗಭೂಷಣ್ ಸಾರಿಗೆ ಫೋನು ಮಾಡಿದೆ. "ಸಾರ್, ಚೀಲ ಹೊರಗೆ ಹೋಗಿಲ್ಲ, ಕುಕ್ಕರಲ್ಲೇ ಇದೆ. ಸಹಿ ನಂದು. ನೋಡದೆ ಹಾಕಿದ್ದೆ," ಎಂದೆ. ಅತ್ತ ಅವರ ಹಿಂದೆ ಕುರಿಗಳ ಸದ್ದು ಕೇಳುತ್ತಿತ್ತು.

"ಈಗ ನೆಟ್‌ವರ್ಕ್ ಸರಿ ಹೋಯ್ತಾ?" ಎಂದರು. ಸೋಮವಾರ ಎಲ್ಲವನ್ನೂ ಬರೆದು ಕೊಡಲು ಹೇಳಿದರು.

ಮೂರು ಗಂಟೆಗೆ ಪ್ರಯೋಗಾಲಯಕ್ಕೆ ಬಂದೆವು. ಕದರಪ್ಪಣ್ಣ ಕೈಮುಗಿದು ದೊಡ್ಡ ಕುಕ್ಕರಿನ ಹಾರ ತೆಗೆದ. ಗ್ಲೌಸ್ ಹಾಕಿ ಬಾಗಿಲು ತೆರೆದರೆ ಚೀಲ ಒಳಗಿತ್ತು, ಬೋಳು ಟೇಪಿನ ಅಂಚಿನಲ್ಲಿ ಒರೆಸಿ ಉಳಿದ ಇಷ್ಟೇ ಇಷ್ಟು ವಿಭೂತಿ. ಬಾಗಿಲು ಹಾಕಿ ಹಚ್ಚಿದ. ಮುಳ್ಳು ಏರುವುದನ್ನು ಇಬ್ಬರೂ ಸ್ಟೂಲ್ ಹಾಕಿಕೊಂಡು ನೋಡುತ್ತಾ ಕೂತೆವು. ಹೊತ್ತು, ಬಿಸಿ, ಒತ್ತಡ ಅವನು ಓದಿ ಹೇಳಿದ, ಕನ್ನಡಕ ಇಲ್ಲದ್ದರಿಂದ ನಾನು ಎದ್ದು ಹೋಗಿ ಇನ್ನೊಮ್ಮೆ ಓದಿ ಬರೆದೆ. ಬುಧವಾರದ ಸಹಿಯ ಮೇಲೆ ಗೆರೆ ಎಳೆದು, ಪಕ್ಕದಲ್ಲಿ "ಬೇಯಿಸಿರಲಿಲ್ಲ, ನೋಡದೆ ಸಹಿ ಮಾಡಿದವಳು ನಾನು" ಎಂದು ಬರೆದೆ.

ತಣ್ಣಗಾದ ಮೇಲೆ ಬಾಗಿಲು ತೆಗೆದರೆ, ಟೇಪಿನ ತುಂಬ ಕಪ್ಪು ಗೆರೆ.

"ಮುಂದಿನ್ ವರ್ಷ ವಿಭೂತಿ ಎಲ್ಲಿ ಇಡ್ಲಮ್ಮಾ?" ಎಂದ ಕದರಪ್ಪಣ್ಣ.

"ನನ್ನ ಹಣೆಗಿಡು," ಎಂದೆ. ಆಮೇಲೆ ಗೆರೆಗಳನ್ನು ಇನ್ನೊಂದು ಸಲ ನೋಡಿ, ಇವತ್ತಿನ ಸಾಲಿಗೆ ಸಹಿ ಮಾಡಿದೆ.