ಬದನಿಕೆ ಬೀಜದ ಎಳೆ

ಹೆಬ್ಬೆರಳಿನಷ್ಟೇ ಇದ್ದ ಬದನಿಕೆ ಹಕ್ಕಿ, ತಿಂದ ಹಣ್ಣಿನ ಅಂಟು ಬೀಜವನ್ನು ಮಾವಿನ ಕೊಂಬೆಗೆ ಒರೆಸಿ ಹಾರಿತು. ಬೀಜದಿಂದ ಒಂದು ಸಣ್ಣ ಎಳೆ ಜೋತು ಬಿಸಿಲಿಗೆ ಮಿಂಚಿತು. ಆ ಎಳೆ ಈಗಲೂ ನನ್ನ ಕಣ್ಣಿಗೆ ಕಟ್ಟಿದಂತಿದೆ.

ನಾನಾಗ ಊರೂರು ತಿರುಗಿ ಮರದ ಕೊಂಬೆ ಸವರುವ ಕೆಲಸ ಮಾಡುತ್ತಿದ್ದೆ. ತಮ್ಮ ಹಿತ್ತಲಿನ ಮಾವಿಗೆ ಹತ್ತಿದ ಬದನಿಕೆ ತೆಗೆಯಲು ಮಾದಯ್ಯನವರು ಕರೆಸಿದ್ದರು. ಮರದ ರಸ ಹೀರಿ ಬದುಕುವ ಗಿಡ ಅದು. ಅರ್ಧ ಮರ ಆಗಲೇ ಒಣಗಿತ್ತು.

"ಹಕ್ಕಿ ಬಿತ್ತುತ್ತೆ, ಗಿಡ ಹಣ್ಣು ಕೊಟ್ಟು ಹಕ್ಕೀನ ಸಾಕುತ್ತೆ. ಎರಡೂ ಒಂದೇ ಜಾತಿ ಕಳ್ಳರು," ಎಂದೆ, ಮಚ್ಚು ಮಸೆಯುತ್ತಾ.

"ಒಂದೇ ಅನ್ಬೇಡ ಕಣಪ್ಪಾ," ಎಂದರು ಅವರ ಹೆಂಡತಿ ನಿಂಗಾಜಮ್ಮ, ಬಾಗಿಲಲ್ಲೇ ನಿಂತು. "ಗಿಡಕ್ಕೆ ಬಾಯಿಲ್ಲ. ಹಕ್ಕಿ ಕರೀತದೆ."

"ಮರ ಹೋದ್ರೆ ಎಲ್ಲಿ ಕೂತ್ಕೊಂಡು ಕರೀತದಕ್ಕಾ?"

ಅವರು ಒಳಗೆ ಹೋದರು.

ನಾನು ಏಣಿ ಹತ್ತಿದಾಗ ಹಕ್ಕಿ 'ಟಿಕ್, ಟಿಕ್' ಎಂದಿತು. ಏಣಿ ಹಿಡಿದಿದ್ದ ಮಾದಯ್ಯ ತಲೆಯೆತ್ತದೆ ಹೇಳಿದರು: "ನಮ್ಮ ಕೂಸಿಗೆ ಇನ್ನೂ ಮಾತು ಬಂದಿರಲಿಲ್ಲ. ನಾಲಗೇಲಿ ಹಿಂಗೇ ಸದ್ದು ಮಾಡಿ ಅವ್ವನ್ನ ಕರೀತಿತ್ತು. ಜ್ವರದಲ್ಲಿ ಹೋಯ್ತು. ಮಣ್ಣು ಮಾಡಿದ ಜಾಗದಲ್ಲೇ ಈ ಮರ ನೆಟ್ಟಿದ್ದು. ಅವಳಿಗೆ ಹಕ್ಕಿ ಬೇಕು. ನಂಗೆ ಮರ ಉಳೀಬೇಕು."

ನಾನು ಬದನಿಕೆಯ ಒಂದು ಚಿಗುರೂ ಬಿಡದಂತೆ ಕಡಿದೆ. ಕಡಿದದ್ದನ್ನು ಸುಟ್ಟೆವು. ಹಕ್ಕಿ ಎರಡು ದಿನ ಬಂದು ಖಾಲಿ ಕೊಂಬೆ ಸುತ್ತಿ ಹೋಯಿತಂತೆ. ಆ ಎರಡು ದಿನವೂ ನಿಂಗಾಜಮ್ಮ ಒಲೆ ಹಚ್ಚಲಿಲ್ಲವಂತೆ.

ಮೂರನೆಯ ವರ್ಷ ಮತ್ತೆ ಹೇಳಿಕಳಿಸಿದರು. ಮಾವು ಮೈತುಂಬ ಚಿಗುರಿತ್ತು. ಆದರೆ ಕೈಗೆಟುಕುವ ಕೊಂಬೆಯೊಂದರ ಉದ್ದಕ್ಕೂ ಗೇಣಿಗೊಂದರಂತೆ ಬದನಿಕೆ ಎದ್ದಿತ್ತು. ಹಕ್ಕಿ ಹೀಗೆ ಸಾಲು ಹಿಡಿದು ಬಿತ್ತುವುದಿಲ್ಲ.

"ಹಾಳು ಹಕ್ಕಿ," ಎಂದು ಬೈಯುತ್ತಾ ಮಾದಯ್ಯ ಬುಟ್ಟಿ ತರಲು ಹೋದರು.

ಮರದ ಆಚೆ 'ಟಿಕ್, ಟಿಕ್' ಸದ್ದಾಯಿತು. ಇಣುಕಿದೆ. ನಿಂಗಾಜಮ್ಮ ತುದಿಗಾಲಲ್ಲಿ ನಿಂತು, ಅಂಗುಳಕ್ಕೆ ನಾಲಗೆ ಬಡಿಯುತ್ತಾ, ಹೆಬ್ಬೆರಳನ್ನು ತೊಗಟೆಗೆ ಒರೆಸುತ್ತಿದ್ದರು. ಸೆರಗಿನ ಗಂಟಿನಲ್ಲಿ ಎಲ್ಲಿಂದಲೋ ತಂದ ಬದನಿಕೆ ಹಣ್ಣು. ಅವರು ತುಸು ತಡೆದು ಕಿವಿಗೊಟ್ಟರು. ಮೇಲೆ ಎಲೆಗಳ ನಡುವಿನಿಂದ ಯಾವುದೋ ಓಗೊಟ್ಟಿತು.

ನಾನು ಮಚ್ಚನ್ನು ಮತ್ತೆ ಗೋಣಿಯಲ್ಲಿ ಸುತ್ತಿದೆ. ಅವರ ಬೆರಳಿಗೂ ಕೊಂಬೆಗೂ ನಡುವೆ ಆ ಎಳೆ ಹರಿಯದೆ ಮಿಂಚುತ್ತಿತ್ತು.