ಮೂಗಿನ ಕಪ್ಪು ಚುಕ್ಕೆ, ಅಕ್ಕನ ಸೂಜಿ

ಒಂದು ಹೊಲಿಗೆ ಕಾರ್ಖಾನೆಯಲ್ಲಿ ಕಿಟಕಿ ಪಕ್ಕದ ಬೆಂಚಿನ ಮೇಲೆ ಬೆಳಕು ಚೆನ್ನಾಗಿ ಬೀಳುತ್ತಿತ್ತು. ಊಟದ ಬಿಡುವಿನಲ್ಲಿ ಕಾಲರ್ ಹೊಲಿಯುವ ಹೆಂಗಸೊಬ್ಬಳು ಅಲ್ಲಿ ಕೂತು ಜೊತೆಯವರ ಮೂಗಿನ ಕಪ್ಪು ಚುಕ್ಕೆಗಳನ್ನು ಸೂಜಿಯಿಂದ ಎಬ್ಬಿಸಿ ತೆಗೆಯುತ್ತಿದ್ದಳು. ಒಬ್ಬರದು ಮುಗಿದರೆ ಸೂಜಿಯನ್ನು ಬಟ್ಟೆ ಚೂರಿಗೆ ಒರೆಸಿ ಇನ್ನೊಬ್ಬರಿಗೆ. ಎಲ್ಲರೂ ಅವಳನ್ನು ಸೂಜಿಯಕ್ಕ ಎನ್ನುತ್ತಿದ್ದರು. ಆ ಹೆಸರೆಂದರೆ ಅವಳಿಗೆ ಹೆಮ್ಮೆ.

ಅವಳ ತಂಗಿ ಅಲ್ಲೇ ಇಸ್ತ್ರಿ ವಿಭಾಗದಲ್ಲಿದ್ದಳು. ದಿನವಿಡೀ ಹಬೆ, ಬೆವರು. ಮೂಗಿನ ಮೇಲೆ ಸದಾ ಜಿಡ್ಡು.

“ನಿನ್ನ ಮೂಗು ಹಿಂಡಿದ್ರೆ ಎಲ್ಲಾ ಮೆಷಿನ್ನಿಗೂ ಎಣ್ಣೆ ಬಿಡಬಹುದು ಕಣೇ,” ಎಂದಳು ಅಂಗಿಗೆ ಗುಂಡಿ ಹಾಕುವವಳೊಬ್ಬಳು.

ಎಲ್ಲರೂ ನಕ್ಕರು. ತಂಗಿ ನಗಲಿಲ್ಲ. ಬಂದು ಬೆಂಚಿನ ಮೇಲೆ ಅಕ್ಕನ ಮುಂದೆ ಕೂತಳು.

“ಒಂದೂ ಬಿಡಬೇಡ, ತೆಗೆದುಬಿಡಕ್ಕ.”

ಅಕ್ಕ ತೆಗೆದಳು. ಮಾರನೆಯ ದಿನ ಮೂಗಿನ ಪಕ್ಕ ಕೆಂಪು ಗುಳ್ಳೆ ಎದ್ದಿತು. ಅಕ್ಕ ಅದನ್ನೂ ಹಿಂಡಿದಳು. ಕೆನ್ನೆ ಊದಿತು, ಜ್ವರ ಬಂತು. ಮತ್ತೊಂದು ಬೆಳಿಗ್ಗೆ ತಂಗಿ ಕೆಲಸಕ್ಕೆ ಬಂದಾಗ ಎಡಗಣ್ಣು ಊದಿ ಮುಚ್ಚಿಹೋಗಿತ್ತು.

ಕಾರ್ಖಾನೆಯ ನರ್ಸ್ ನೋಡಿದವರೇ ಎದ್ದು ನಿಂತರು. “ಈಗಲೇ ದೊಡ್ಡಾಸ್ಪತ್ರೆಗೆ ಹೊರಡಿ.”

“ಒಂದು ಗುಳ್ಳೆಗೆ ದೊಡ್ಡಾಸ್ಪತ್ರೆನಾ ಸಿಸ್ಟರ್? ಉಗುರಲ್ಲಿ ಹೋಗೋದಕ್ಕೆ ಕೊಡಲಿ ಯಾಕೆ?” ಎಂದಳು ಅಕ್ಕ.

“ಉಗುರು ಹಾಕಿದ್ದಕ್ಕೇ ಈಗ ಕೊಡಲಿ ಬೇಕಾಗಿರೋದು ಅಕ್ಕ. ಮೂಗಿನ ಸುತ್ತಲಿನ ನಂಜು ಕಣ್ಣಿಗೆ ಏರಬಹುದು. ಅಪರೂಪಕ್ಕೆ ಮೆದುಳಿಗೂ. ಮಾತು ಬೇಡ, ನಡೀರಿ.”

ಆಸ್ಪತ್ರೆಯಲ್ಲಿ ತಂಗಿಗೆ ಔಷಧಿಯ ಡ್ರಿಪ್ ಹಾಕಿದರು. ಕಣ್ಣು ಉಳಿಯುತ್ತದೆಯೇ ಎಂದು ಕೇಳಿದ್ದಕ್ಕೆ ಡಾಕ್ಟರು, “ಈಗಲೇ ಹೇಳೋಕಾಗಲ್ಲ,” ಎಂದರು. ಅಕ್ಕ ಹೊರಗೆ ಗೋಡೆಗೊರಗಿ ಕೂತಳು. ಜೊತೆಗೆ ಬಂದಿದ್ದ ಕಾರ್ಖಾನೆಯ ನರ್ಸ್ ಪಕ್ಕದಲ್ಲಿದ್ದರು.

“ಆ ಕೊಳೆನ ಹಾಗೇ ಬಿಡಬೇಕಿತ್ತಾ ಸಿಸ್ಟರ್?”

“ಅದು ಕೊಳೆ ಅಲ್ಲ. ಚರ್ಮದ ಎಣ್ಣೆ ರಂಧ್ರದ ಬಾಯಲ್ಲಿ ಕಟ್ಕೊಂಡು, ಗಾಳಿ ತಾಗಿ ಕಪ್ಪಾಗತ್ತೆ. ಬೆಳಿಗ್ಗೆ ಸಂಜೆ, ಬೆವರಿದಾಗ, ಚರ್ಮ ಉರಿಸದ ಮೆದು ಸೋಪಲ್ಲಿ ಮೆಲ್ಲಗೆ ತೊಳೀಬೇಕು. ಗಸಗಸ ಉಜ್ಜಬಾರದು. ಅದಕ್ಕೂ ಬಗ್ಗದಿದ್ರೆ ಡಾಕ್ಟರನ್ನ ಕೇಳಿ ಮುಲಾಮು. ಅಂಗಡಿಯವನು ಕೊಟ್ಟ ಕ್ರೀಮು ಬೇಡ.”

“ಪೂರ್ತಿ ಹೋಗತ್ತಾ?”

“ಕಮ್ಮಿ ಆಗತ್ತೆ, ಅದಕ್ಕೂ ವಾರಗಟ್ಟಲೆ ಬೇಕು. ಎಣ್ಣೆ ಬಿಡೋದು ಚರ್ಮದ ಕೆಲಸ. ಅದನ್ನ ನಾಚಿಕೆ ಅಂದ್ಕೊಂಡಿದ್ದು ನಾವು.”



ತಂಗಿಯ ಕಣ್ಣು ಉಳಿಯಿತು. ಮೂಗಿನ ಪಕ್ಕ ಒಂದು ಗುಳಿ ಬಿತ್ತು. ಅವಳು ಮತ್ತೆ ಇಸ್ತ್ರಿಗೆ ನಿಂತಳು. ಕಪ್ಪು ಚುಕ್ಕೆಗಳು ಮರಳಿ ಬಂದವು. ಮುಖ ತೊಳೆಯತೊಡಗಿದ ಮೇಲೆ ಸ್ವಲ್ಪ ಕಡಿಮೆಯಾದವು. ಗುಳಿ ಮಾತ್ರ ಹಾಗೇ ಇದೆ.

ಮೊನ್ನೆ ಬಿಡುವಿನಲ್ಲಿ ಗುಂಡಿ ಹಾಕುವವಳು ಬೆಂಚಿನ ಮೇಲೆ ಕೂತು ಮುಖ ಚಾಚಿದಳು. “ನಂದೊಂದು ನೋಡೇ ಸೂಜಿಯಕ್ಕ.”

“ಹೋಗಿ ಮುಖ ತೊಳ್ಕೊ,” ಎಂದಳು ಅಕ್ಕ. “ಸೂಜಿ ಇರೋದು ಬಟ್ಟೆಗೆ.”

ಈ ಕಥೆ ಕೇಳಿದ ನೀವೂ ಇವತ್ತು ಕನ್ನಡಿಯಲ್ಲಿ ಮೂಗು ನೋಡಿಕೊಳ್ಳುತ್ತೀರಿ. ಚುಕ್ಕೆ ಕಂಡರೆ ಕೈ ತಾನಾಗಿ ಅತ್ತ ಹೋಗುತ್ತದೆ. ಆ ಕೈಯನ್ನು ತಡೆಯಿರಿ. ಹಿಂಡಬೇಡಿ, ಚುಚ್ಚಬೇಡಿ, ಇನ್ನೊಬ್ಬರ ಕೈಗೂ ಮುಖ ಕೊಡಬೇಡಿ. ಗುಳ್ಳೆಯ ಜೊತೆ ಊತ, ಜ್ವರ ಕಂಡರೆ ನಾಳೆ ನೋಡೋಣ ಎನ್ನದೆ ಆಸ್ಪತ್ರೆಗೆ ಹೋಗಿ. ಜಿಡ್ಡು ಮೂಗನ್ನು ನೋಡಿ ನಗುವ ಮುಂಚೆ ಆ ತಂಗಿಯನ್ನು ನೆನೆಯಿರಿ. ಅವಳು ಬೆಂಚಿನ ಮೇಲೆ ಹೋಗಿ ಕೂತದ್ದು ನಗು ಕೇಳಿದ ಮೇಲೆ.