ಒಳಗಿನ ಸುದ್ದಿ

ಅಂಡಾಶಯದ ಕ್ಯಾನ್ಸರಿಗೆ ಆಪರೇಷನ್, ಕೀಮೋ ಎಲ್ಲ ಮುಗಿದಿತ್ತು. ಕಾಯಿಲೆ ಮರಳಿ ಬರುವ ಸಂಭವ ಎಷ್ಟೆಂದು ತಿಳಿಯಲು ಡಾಕ್ಟರು ಗಿರಿಜಾಂಬಿಕಾಳ ರಕ್ತದಲ್ಲಿನ ಕೆಲವು ಪ್ರೋಟೀನುಗಳನ್ನು ಪರೀಕ್ಷೆ ಮಾಡಿಸಿದ್ದರು. ಇಂದು ಅದರ ಫಲಿತಾಂಶ. ಒಳಗಿನಿಂದ ಕರೆ ಬಂದರೂ ಗಂಡ ವೀರಭದ್ರಯ್ಯ ಆಸ್ಪತ್ರೆಯ ಬೆಂಚು ಬಿಟ್ಟೇಳಲಿಲ್ಲ.

“ನೀನೇ ಹೋಗಿ ಕೇಳ್ಕೊಂಡ್ ಬಾ ಕಣೇ.”

“ಅಟ್ಟದ ಕಾಯಿ ಕಿವಿ ಹತ್ರ ಅಲ್ಲಾಡ್ಸಿ, ಒಡೀದೇನೇ ಒಳಗಿನ ಕೊಬ್ಬರಿ ಹೆಂಗೈತೆ ಅಂತ ಹೇಳೋರು ನೀವು. ಹೆಂಡ್ತಿ ಒಳಗಿನ ಸುದ್ದಿ ಕೇಳಕ್ಕೆ ಭಯವೇನ್ರೀ?”

“ಅಲ್ಲಿ ಅಂದಾಜು ತಪ್ಪಿದ್ರೆ ಒಂದು ಕಾಯಿ ಹೋಯ್ತದೆ, ಅಷ್ಟೇಯ.”

ಅವಳಿಗೆ ನಗು ಬಂತು. ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಯಾರಿಗೂ ಬಗ್ಗದವನನ್ನು ಮಗುವಿನಂತೆ ಕೈಹಿಡಿದು ಒಳಗೆ ಕರೆದೊಯ್ದಳು. ಆದರೆ ಡಾಕ್ಟರು ಕಾಗದ ಬಿಡಿಸಿದ್ದೇ ತಡ, ಅವಳೇ ಕಣ್ಣು ಮುಚ್ಚಿಕೊಂಡಳು.

“ಏನಿದ್ರೂ ಹೇಳಿ ಸಾರ್,” ಎಂದವನು ವೀರಭದ್ರಯ್ಯನೇ.

“ಪ್ರೋಟೀನುಗಳನ್ನ ನೋಡಿದ್ರೆ ಮತ್ತೆ ಬರೋ ಸಂಭವ ಕಡಿಮೆ. ಇದೂ ಅಂದಾಜೇ, ತಪಾಸಣೆ ಮಾತ್ರ ಬಿಡಬೇಡಿ,” ಎಂದರು ಡಾಕ್ಟರು.

ಗಿರಿಜಾಂಬಿಕಾ ಹಿಡಿದಿಟ್ಟ ಉಸಿರನ್ನು ಬಿಟ್ಟಳು. ವೀರಭದ್ರಯ್ಯ ಅವಳತ್ತ ಬಾಗಿ ಮೆಲ್ಲಗೆ ಹೇಳಿದ:

“ಇನ್ನಾದ್ರೂ ಕೈ ಬುಡೇ, ಉಗುರು ನಾಟ್ತಾ ಐತೆ.”